ಕಂಪ್ಯೂಟರ್ ಬಂದ ಮೇಲೆ ಕೆಲಸ ಯಾಕೆ ಜಾಸ್ತಿ ಆಯ್ತು?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯ ಸೇವಾ ಸಹಕಾರಿ ಸಂಘವೊಂದರಲ್ಲಿ 29 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ರೋಕಡ ಪುಸ್ತಕದಿಂದ ಹಿಡಿದು ಈಗಿನ ಸಾಫ್ಟ್‌ವೇರ್‌ವರೆಗೆ ಎಲ್ಲ ನೋಡಿದ್ದಾಯಿತು. ಕಂಪ್ಯೂಟರ್ ಬಂದರೆ ಕೆಲಸ ಕಡಿಮೆಯಾಗುತ್ತದೆ ಅಂದಿದ್ದರು, ಆಗಲಿಲ್ಲ. ರಾತ್ರಿ ಹತ್ತು ಗಂಟೆಗೂ ವಾಟ್ಸಾಪ್ ಗ್ರೂಪಿನಲ್ಲಿ ‘ಅರ್ಜೆಂಟ್ ಮಾಹಿತಿ ಕಳಿಸಿ’ ಅಂತ ಬರುತ್ತದೆ. ಹೊಸ ಹುಡುಗರ ವೇಗ ನನಗಿಲ್ಲ. ಮನೆಯಲ್ಲಿ ಸೊಸೆ ಮೆತ್ತಿನ (ಮಹಡಿಯ) ಮೇಲೆ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾಳೆ. ಅವಳಿಗೂ ಹೊತ್ತು ಗೊತ್ತಿಲ್ಲ. ನನಗೆ ಇನ್ನು ನಾಲ್ಕು ವರ್ಷ ಸರ್ವಿಸ್ ಇದೆ. ರಾಜೀನಾಮೆ ಕೊಟ್ಟು ತೋಟ ನೋಡಿಕೊಂಡು ಇರಲೇ?

ಉತ್ತರ: ‘ಹೊಸ ಹುಡುಗರ ವೇಗ ನನಗಿಲ್ಲ’ ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಇಪ್ಪತ್ತೈದು ವರ್ಷದಿಂದ ಈ ಭಾಗದ ಸಂಘಗಳಿಗೆ, ಸಣ್ಣಪುಟ್ಟ ಕಚೇರಿಗಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದನ್ನು ಕಲಿಸುತ್ತಾ ಬಂದವನು ನಾನು. ಹೋದ ಕಡೆಯೆಲ್ಲ ನಿಮ್ಮಂಥವರು ಒಬ್ಬರಾದರೂ ಸಿಕ್ಕಿದ್ದಾರೆ. ಅವರು ತಡೆದು ಹೇಳದೇ ಇದ್ದಿದ್ದರೆ ನಾನು ಮಾಡಿದ ಎಷ್ಟೋ ತಪ್ಪು ಇವತ್ತಿಗೂ ಲೆಕ್ಕದಲ್ಲೇ ಉಳಿದಿರುತ್ತಿತ್ತು.

ಕೈಲೆಕ್ಕದ ಕಾಲವನ್ನು ನೆನಪು ಮಾಡಿಕೊಳ್ಳಿ. ಮಾರ್ಚ್ ಎಂಡಿಂಗ್. ಜಮೆ ಖರ್ಚು ಎರಡೂ ಬದಿ ಕೂಡಿಸಿದರೆ 90 ರೂಪಾಯಿ ವ್ಯತ್ಯಾಸ. ಹಳಬರು ಪುಸ್ತಕ ತಿರುವುವ ಮೊದಲೇ ಹೇಳುತ್ತಿದ್ದರು: ‘ಒಂಬತ್ತರಿಂದ ಭಾಗ ಹೋಗ್ತದೆ, ಎಲ್ಲೋ ಅಂಕಿ ಅದಲು ಬದಲಾಗಿದೆ.’ ಹುಡುಕಿದರೆ 540 ಇರಬೇಕಾದ ಕಡೆ 450 ಇರುತ್ತಿತ್ತು. ಒಂಬತ್ತರಿಂದ ಹೋಗದೆ ಎರಡರಿಂದ ಹೋದರೆ, ಅದರ ಅರ್ಧ ಮೊತ್ತ ಎಲ್ಲಿದೆ ನೋಡು ಅನ್ನುತ್ತಿದ್ದರು. ಒಂದು ಬದಿಗೆ ಹೋಗಬೇಕಾದದ್ದು ಇನ್ನೊಂದು ಬದಿಗೆ ಬಿದ್ದಿರುತ್ತಿತ್ತು. ಈ ಜಾಣತನವನ್ನು ಯಾವ ತರಬೇತಿಯೂ ಕಲಿಸಿದ್ದಲ್ಲ. ಲಾಟೀನು ಬೆಳಕಿನಲ್ಲಿ ಕೂತು ಕೂತು ಬಂದದ್ದು.

ಸಾಫ್ಟ್‌ವೇರ್‌ಗೆ ಈ ಉಪಾಯ ಬೇಕಿಲ್ಲ. ಕೂಡಿಸುವಾಗ ಅದು ತಪ್ಪುವುದಿಲ್ಲ. ಆದರೆ ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಹಾಕಿದರೆ ಅದಕ್ಕೆ ತಿಳಿಯುವುದೂ ಇಲ್ಲ. ಎರಡೂ ಬದಿ ಸರಿಯಾಗಿಯೇ ಕೂಡುತ್ತದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಸಕ್ಸಸ್’ ಅಂತ ಬರುತ್ತದೆ.

ಒಂದು ಸಂಘದಲ್ಲಿ ಹಳೆಯ ಲೆಡ್ಜರಿನ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಇಬ್ಬರು ಸದಸ್ಯರದು ಒಂದೇ ಹೆಸರು, ಅಪ್ಪನ ಹೆಸರೂ ಒಂದೇ, ಊರೂ ಒಂದೇ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ ಇದೆಯಲ್ಲ, ಹೀಗೆ ಆಗುವುದು ಹೊಸದಲ್ಲ. ನಾನು ಒಬ್ಬರೇ ಅಂದುಕೊಂಡು ಎರಡು ಖಾತೆಯನ್ನು ಸೇರಿಸಿಬಿಟ್ಟೆ. ಲೆಕ್ಕ ಪೂರಾ ಟ್ಯಾಲಿ ಆಯ್ತು. ಮಾರನೇ ದಿನ ಅಲ್ಲಿನ ಹಿರಿಯ ಗುಮಾಸ್ತರು ಪ್ರಿಂಟ್ ಹಿಡಿದು ಬಂದರು. ‘ಇವರು ಕೆಳಗಿನಕೇರಿಯವರು, ಬೆಳೆಸಾಲ ಮಾಡಿದ್ದೇ ಇಲ್ಲ. ಸಾಲ ಮೇಲಿನಮನೆಯವರದ್ದು’ ಅಂದರು. ಪುಸ್ತಕ ತೆರೆದೂ ನೋಡಿರಲಿಲ್ಲ. ಅವರು ಅಂದು ರಜೆ ಹಾಕಿದ್ದರೆ, ಸಾಲವೇ ಮಾಡದ ಒಬ್ಬ ರೈತನ ಮನೆಗೆ ನೋಟಿಸ್ ಹೋಗುತ್ತಿತ್ತು.

ಹಾಗಾಗಿ ಬೆರಳಿನ ವೇಗದ ಬಗ್ಗೆ ಕೊರಗಬೇಡಿ. ಮೊದಲು ಲೆಕ್ಕ ಮಾಡುವವರ ಬೆಲೆ ಕೂಡಿಸುವುದರಲ್ಲಿತ್ತು. ಈಗ ಅನುಮಾನ ಪಡುವುದರಲ್ಲಿದೆ. ಈ ಮೊತ್ತ ಇಷ್ಟು ಇರಲಿಕ್ಕಿಲ್ಲ, ಈ ಹೆಸರು ಇಲ್ಲಿ ಬರಬಾರದು, ಈ ಎಕರೆಗೆ ಇಷ್ಟು ಸಾಲ ಹೇಗೆ ಅಂತ ಕೇಳುವವರು ಬೇಕು. ಊರು ಗೊತ್ತಿಲ್ಲದವರಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು ವಿಷಯ ಇದೆ. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವೇಗ ಇಲ್ಲ ಅಂತ ನಿಮ್ಮ ಲಾಗಿನ್ ಮತ್ತು ಪಾಸ್‌ವರ್ಡನ್ನು ಹುಡುಗರ ಕೈಗೆ ಕೊಟ್ಟಿದ್ದೀರಾ? ಬಹಳ ಕಡೆ ನೋಡಿದ್ದೇನೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿರುತ್ತಾರೆ. ಓಟಿಪಿ ಬಂದರೆ ಪಕ್ಕದ ಮೇಜಿಗೆ ಕೂಗಿ ಹೇಳುತ್ತಾರೆ. ಮೊದಲು ವೋಚರಿನ ಮೇಲೆ ಬರೆದವರ ಸಹಿ ಒಂದು, ನೋಡಿದವರ ಸಹಿ ಒಂದು ಇರುತ್ತಿತ್ತು. ಸಾಫ್ಟ್‌ವೇರಿನಲ್ಲೂ ಅದೇ ವ್ಯವಸ್ಥೆ ಇದೆ. ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಎರಡೂ ಲಾಗಿನ್ ಒಬ್ಬರ ಕೈಗೆ ಹೋದರೆ ಕಾವಲೇ ಇಲ್ಲದ ಹಾಗೆ ಆಯಿತು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ದಾಖಲೆಯಲ್ಲಿ ಬರುವುದು ನಿಮ್ಮ ಹೆಸರು. 29 ವರ್ಷ ಒಂದು ರೂಪಾಯಿ ಆಚೀಚೆ ಮಾಡದವರು ಕೊನೆಯಲ್ಲಿ ವಿಚಾರಣೆಗೆ ನಿಲ್ಲುವ ಹಾಗೆ ಆಗಬಾರದು. ಇವತ್ತೇ ಪಾಸ್‌ವರ್ಡ್ ಬದಲಾಯಿಸಿ. ನಿಧಾನವಾದರೂ ಪರವಾಗಿಲ್ಲ, ನಿಮ್ಮ ಒಪ್ಪಿಗೆಯನ್ನು ನೀವೇ ಒತ್ತಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೆಲಸ ಯಾಕೆ ಕಡಿಮೆ ಆಗಲಿಲ್ಲ?

ಒಂದು ಕಾರಣ ನಿಮ್ಮ ಮೇಜಿನ ಮೇಲೇ ಇದೆ. ಹೊಸದು ಬಂತು, ಹಳೆಯದು ಹೋಗಲಿಲ್ಲ. ಕಂಪ್ಯೂಟರಿಗೆ ಹಾಕುತ್ತೀರಿ. ‘ಇರಲಿ ಅಂತ’ ಪುಸ್ತಕದಲ್ಲೂ ಬರೆಯುತ್ತೀರಿ. ಪ್ರಿಂಟ್ ತೆಗೆದು ಫೈಲಿಗೆ ಸೇರಿಸುತ್ತೀರಿ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೀರಿ. ಅದೇ ಅಂಕಿಯನ್ನು ಎಕ್ಸೆಲ್ ನಮೂನೆಯಲ್ಲಿ ತುಂಬಿ ಈಮೇಲ್ ಮಾಡುತ್ತೀರಿ. ಒಂದೇ ಮಾಹಿತಿಗೆ ಐದು ಸಲ ಕೆಲಸ. ಇದರಲ್ಲಿ ಕಂಪ್ಯೂಟರಿನ ತಪ್ಪು ಏನೂ ಇಲ್ಲ. ಯಾವುದನ್ನು ನಿಲ್ಲಿಸಬೇಕು ಅಂತ ಯಾರೂ ತೀರ್ಮಾನ ಮಾಡಲಿಲ್ಲ, ಅಷ್ಟೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಜಾಸ್ತಿ ಕಾಣುವುದಕ್ಕೆ ಕಾರಣವಿದೆ. ಇಲ್ಲಿ ಸಹಕಾರದ ಬೇರು ಆಳ. ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿ ಬ್ಯಾಂಕ್ 1920ರದ್ದು, ಅಡಿಕೆ ತೋಟಗಾರರ ಮಾರಾಟ ಸಂಘವಾದ ಟಿಎಸ್‌ಎಸ್ 1923ರದ್ದು. ಕೈಬರಹದ ಪುಸ್ತಕವನ್ನು ನಂಬಿಯೇ ಮೂರು ತಲೆಮಾರು ಸಾಲ ಪಡೆದು, ಅಡಿಕೆ ಹಾಕಿ, ಸಾಲ ತೀರಿಸಿದೆ. ಆ ನಂಬಿಕೆ ಒಂದು ದಿನದಲ್ಲಿ ಪರದೆಗೆ ಬರುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ, ಅಂದರೆ ನಿಮ್ಮಂಥ ಸೇವಾ ಸಹಕಾರಿ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಸಂಘದ ಲೆಕ್ಕ ಜಿಲ್ಲಾ ಬ್ಯಾಂಕು, ರಾಜ್ಯದ ಬ್ಯಾಂಕು, ಕೃಷಿ ಸಾಲದ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ವರೆಗೆ ಒಂದೇ ಸಾಲಿನಲ್ಲಿ ಕಾಣಬೇಕು ಅನ್ನುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಮೇಲಿನವರಿಗೆ ಲೆಕ್ಕ ಅಲ್ಲೇ ಕಾಣುವಾಗ, ಅದನ್ನೇ ಮತ್ತೆ ವಾಟ್ಸಾಪಿನಲ್ಲಿ ಕೇಳುವುದು ಯಾಕೆ ಅಂತ ಸಂಘದವರು ಕೇಳಲೇಬೇಕು. ವಿನಯದಿಂದ, ಬರವಣಿಗೆಯಲ್ಲಿ.

ಎರಡನೇ ಕಾರಣ ಇನ್ನೂ ದೊಡ್ಡದು. ಕೇಳುವುದಕ್ಕೆ ಈಗ ಖರ್ಚೇ ಇಲ್ಲ.

ತಂತಿ ಕಳಿಸುತ್ತಿದ್ದ ಕಾಲ ನೆನಪಿದೆಯಲ್ವಾ? ಪದಕ್ಕೆ ಇಷ್ಟು ಅಂತ ದುಡ್ಡು. ‘ಅರ್ಜೆಂಟ್’ ಅನ್ನುವ ಒಂದು ಪದಕ್ಕೂ ಬೆಲೆ ಕಟ್ಟಬೇಕಿತ್ತು. ಹಾಗಾಗಿ ನಿಜವಾಗಿ ಅರ್ಜೆಂಟ್ ಇದ್ದವರು ಮಾತ್ರ ಆ ಪದ ಹಾಕುತ್ತಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಆ ಹೊತ್ತಿಗೆ ಪದದ ಬೆಲೆಯೂ ಹೋಗಿತ್ತು. ಈಮೇಲಿನಲ್ಲಿ ಸಿಸಿ ಅಂತ ಒಂದು ಜಾಗ ಇದೆಯಲ್ಲ, ಅದು ಕಾರ್ಬನ್ ಕಾಪಿಯಿಂದ ಬಂದ ಹೆಸರು. ಟೈಪ್‌ರೈಟರಿಗೆ ಹಾಳೆಯ ನಡುವೆ ಕಾರ್ಬನ್ ಇಟ್ಟು ಕುಟ್ಟಿದರೆ ನಾಲ್ಕೈದು ಪ್ರತಿ ಚೆನ್ನಾಗಿ ಬರುತ್ತಿತ್ತು, ಆಮೇಲಿನದು ಮಸುಕು. ಯಾರಿಗೆ ಕಳಿಸಬೇಕು ಅಂತ ಯೋಚಿಸಲೇಬೇಕಿತ್ತು. ಈಗ ಒಂದು ಬೆರಳು ಒತ್ತಿದರೆ ಇನ್ನೂರು ಜನರ ಗ್ರೂಪಿಗೆ ಹೋಗುತ್ತದೆ. ಕಳಿಸಿದವರಿಗೆ ಒಂದು ಕ್ಷಣದ ಕೆಲಸ. ಓದುವ ಇನ್ನೂರು ಜನರ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೀಟಿಂಗ್ ಕೂಡ ಹಾಗೇ. ಮೊದಲು ಕಾರವಾರದಲ್ಲಿ ಸಭೆ ಅಂದರೆ ಒಂದು ಇಡೀ ದಿನ. ಬೆಳಗಿನ ಬಸ್ಸು ಹಿಡಿದು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನೂರು ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ವಾಪಸ್ ಮನೆ ಸೇರುವಾಗ ರಾತ್ರಿ. ಅಷ್ಟು ಜನರನ್ನು ಅಷ್ಟು ದೂರ ಕರೆಸುವುದು ಸುಲಭ ಇರಲಿಲ್ಲ. ಅದಕ್ಕೇ ಸಭೆ ತಿಂಗಳಿಗೊಮ್ಮೆ, ವಿಷಯಪಟ್ಟಿ ಮೊದಲೇ ಟಪಾಲಿನಲ್ಲಿ. ಈಗ ವಿಡಿಯೋ ಕಾನ್ಫರೆನ್ಸ್. ಬಸ್ಸಿನ ಸುಸ್ತು ತಪ್ಪಿತು, ಅದು ನಿಜಕ್ಕೂ ದೊಡ್ಡ ಉಪಕಾರ. ಮಳೆಗಾಲದಲ್ಲಿ ಘಟ್ಟ ಕುಸಿದಾಗ ಅದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಸಭೆ ಕರೆಯುವುದು ಸುಲಭವಾದಷ್ಟೂ ಸಭೆಗಳು ಹೆಚ್ಚಿದವು. ತಿಂಗಳಿಗೆ ಒಂದು ಇದ್ದದ್ದು ವಾರಕ್ಕೆರಡು ಆಯಿತು.

ನೀವು ಗಮನಿಸಿರಬಹುದು. ಆಗ ನಿಮ್ಮ ಕೆಲಸಕ್ಕೆ ಒಂದು ಬೇಲಿ ಇತ್ತು. ಅದನ್ನು ನೀವು ಹಾಕಿದ್ದಲ್ಲ, ಸಾಹೇಬರು ಹಾಕಿದ್ದೂ ಅಲ್ಲ. ಟಪಾಲು ಮಧ್ಯಾಹ್ನ ಹೋದ ಮೇಲೆ ಮರುದಿನದವರೆಗೆ ಇಲ್ಲ. ಕೊನೇ ಬಸ್ಸು ಹೋದ ಮೇಲೆ ಸದಸ್ಯರು ಬರುವಂತಿಲ್ಲ. ಲೆಡ್ಜರುಗಳು ಕಪಾಟಿನಲ್ಲಿ, ಕಪಾಟಿಗೆ ಬೀಗ. ಮನೆಗೆ ಬಂದು ಕಾಲು ತೊಳೆದರೆ ಸಂಘ ಅಲ್ಲೇ ಉಳಿಯಿತು. ಬಸ್ಸು, ಟಪಾಲು, ಬೀಗ ಸೇರಿ ಆ ಬೇಲಿ ಆಗಿತ್ತು. ಈಗ ಬೇಲಿಯ ಬಾಗಿಲಾದ ದಣಪೆ ತೆಗೆದಿಟ್ಟ ತೋಟದ ಹಾಗೆ ಆಗಿದೆ. ಯಾವ ಹೊತ್ತಿಗೆ ಯಾವ ದನ ನುಗ್ಗುತ್ತದೆ ಹೇಳಲು ಬರುವುದಿಲ್ಲ.

ಹಾಗಂತ ಹಿಂದಿನದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಒಂದು ಪಹಣಿಗಾಗಿ ರೈತರು ಎಷ್ಟು ಸಲ ಅಲೆಯುತ್ತಿದ್ದರು ಅನ್ನುವುದು ನಿಮಗೂ ಗೊತ್ತು. 2000ದ ಹೊತ್ತಿಗೆ ಭೂಮಿ ಯೋಜನೆ ಬಂತು. ರಾಜ್ಯದ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಯಾರ ಮರ್ಜಿಯನ್ನೂ ಕಾಯಬೇಕಿರಲಿಲ್ಲ. ಆಗ ಸಾಲಿನಲ್ಲಿ ನಿಂತ ಮುದುಕರ ಮುಖ ನಾನು ಕಂಡಿದ್ದೇನೆ. ಆ ಸಮಾಧಾನವನ್ನು ಯಾವ ಕಾರಣಕ್ಕೂ ಕಡಿಮೆ ಅನ್ನಲಾರೆ.

ಹಾಗಾಗಿ ಕಿತ್ತು ಹೋದ ಬೇಲಿಯನ್ನು ಈಗ ಕೈಯಾರೆ ಹಾಕಬೇಕು. ನಿಮ್ಮ ಸಂಘದಲ್ಲಿ ಇದನ್ನು ಶುರು ಮಾಡಲು ನಿಮ್ಮಷ್ಟು ಹಿರಿಯರು ಬೇರೆ ಇಲ್ಲ. ಹುಡುಗರು ಕೇಳಿದರೆ ಸೋಮಾರಿಗಳು ಅನ್ನುತ್ತಾರೆ. ನೀವು ಕೇಳಿದರೆ ಆಡಳಿತ ಮಂಡಳಿ ಕಿವಿಗೊಡುತ್ತದೆ. ಮುಂದಿನ ಸಭೆಗೆ ಒಂದು ಹಾಳೆ ಬರೆದುಕೊಂಡು ಹೋಗಿ. ಒಂದೇ ಮಾಹಿತಿಯನ್ನು ಎಷ್ಟು ಕಡೆ ಬರೆಯುತ್ತಿದ್ದೀರಿ ಅನ್ನುವುದನ್ನು ಒಂದು ವಾರ ಗುರುತು ಹಾಕಿಕೊಂಡರೆ ಸಾಕು, ಹಾಳೆ ತುಂಬುತ್ತದೆ. ಕಾನೂನು ಪ್ರಕಾರ ಇಡಲೇಬೇಕಾದ ಪುಸ್ತಕ ಯಾವುದು, ಸುಮ್ನೆ ರೂಢಿಯಿಂದ ಬಂದದ್ದು ಯಾವುದು ಅಂತ ಆಡಿಟರನ್ನು ಕೇಳಿ. ರೂಢಿಯದ್ದನ್ನು ಬಿಡಲು ಠರಾವು ಮಾಡಿಸಿ. ಬಾಯಿಮಾತು ಬೇಡ. ಮುಂದಿನ ವರ್ಷ ಬೇರೆ ಆಡಿಟರು ಬಂದು ‘ಪುಸ್ತಕ ಎಲ್ಲಿ’ ಅಂದರೆ ತೋರಿಸಲು ಠರಾವು ಬೇಕು.

ಗ್ರೂಪಿನ ವಿಷಯದಲ್ಲಿ ನಾನು ಕೆಲವು ಸಂಘಗಳಿಗೆ ಹೇಳಿಕೊಟ್ಟದ್ದು ಇಷ್ಟು. ರಾತ್ರಿಯ ಮೆಸೇಜಿಗೆ ವಾರಕ್ಕೆ ಒಬ್ಬರು ಜವಾಬ್ದಾರರು. ಉಳಿದವರು ಫೋನ್ ನೋಡಬೇಕಿಲ್ಲ. ನಿಜವಾಗಿ ತುರ್ತು ಇದ್ದರೆ ಕರೆ ಮಾಡಬೇಕು, ಬರೆದು ಹಾಕಿದರೆ ಅದು ಬೆಳಿಗ್ಗೆಯ ಕೆಲಸ. ಕರೆ ಮಾಡಲು ಮನುಷ್ಯರಿಗೆ ಸ್ವಲ್ಪ ಸಂಕೋಚ ಇರುತ್ತದೆ. ಆ ಸಂಕೋಚವೇ ಹಳೆಯ ತಂತಿಯ ದರದ ಕೆಲಸ ಮಾಡುತ್ತದೆ. ಬೆಳೆವಿಮೆಯ ಕೊನೆ ದಿನಗಳ ಮಾತು ಬೇರೆ. ಆಗ ಹಗಲು ಸರ್ವರ್ ನಿಧಾನ, ರಾತ್ರಿ ಕೂತರೇ ಎಂಟ್ರಿ ಆಗುವುದು. ರೈತರ ದುಡ್ಡಿನ ವಿಷಯ, ಕೂರಲೇಬೇಕು. ಆದರೆ ಕೊಯ್ಲಿನ ಕೆಲಸಕ್ಕೆ ಒಂದು ಹಂಗಾಮು ಇದ್ದ ಹಾಗೆ ಇದಕ್ಕೂ ಒಂದು ಹಂಗಾಮು ಇರಬೇಕು. ವರ್ಷವಿಡೀ ಕೊಯ್ಲು ಅಂದರೆ ಯಾರ ಮೈ ತಡೆಯುತ್ತದೆ?

ಸೊಸೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಇರುವುದು ಎರಡೇ ಸಾಲು. ಆದರೆ ಅವಳ ಕಷ್ಟ ನಿಮ್ಮದಕ್ಕಿಂತ ಕಡಿಮೆ ಇಲ್ಲ. ನೀವು ಸಂಘಕ್ಕೆ ಹೊರಟರೆ ಇಡೀ ಊರಿಗೆ ಕಾಣುತ್ತದೆ. ಅವಳು ಮೆತ್ತು ಹತ್ತಿದರೆ ಯಾರಿಗೂ ಕಾಣುವುದಿಲ್ಲ. ಪರದೆಯ ಮುಂದೆ ಸುಮ್ನೆ ಕೂತ ಹಾಗೆ ಕಾಣುತ್ತದೆ, ತಲೆಯೊಳಗೆ ದೊಡ್ಡ ಕೆಲಸ ನಡೆದಿರುತ್ತದೆ. ‘ಮನೇಲೇ ಇದ್ದಾಳಲ್ಲ’ ಅಂತ ನೆಂಟರು ಬಂದಾಗ ಕರೆಯುತ್ತಾರೆ, ಹಾಲಿನವರು ಬಂದಾಗ ಕರೆಯುತ್ತಾರೆ. ಹೀಗೆ ಹಗಲು ಒಡೆದು ಹೋದ ಕೆಲಸವನ್ನು ಅವಳು ರಾತ್ರಿ ಮುಗಿಸುತ್ತಿರಬಹುದು. ಇನ್ನೊಂದು ಸಾಧ್ಯತೆಯೂ ಇದೆ. ಅವಳ ಕಂಪನಿಯ ಗ್ರಾಹಕರು ಅಮೆರಿಕದವರಾಗಿದ್ದರೆ, ನ್ಯೂಯಾರ್ಕಿನ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಏಳೂವರೆ. ನವೆಂಬರ್ ಬಂದರೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ, ನಮಗೆ ಅದು ಎಂಟೂವರೆ ಆಗುತ್ತದೆ. ಸರಿಯಾಗಿ ಊಟದ ಹೊತ್ತು. ಇದನ್ನು ಅವಳು ಮನೆಯವರಿಗೆ ಬಿಡಿಸಿ ಹೇಳಿರಲಿಕ್ಕಿಲ್ಲ. ನೀವೇ ಕೇಳಿ. ಯಾವ ಹೊತ್ತಿಗೆ ಮೆತ್ತಿನ ಬಾಗಿಲು ತಟ್ಟಬಾರದು ಅಂತ ಮನೆಯವರೆಲ್ಲ ಸೇರಿ ಗೊತ್ತು ಮಾಡಿಕೊಳ್ಳಿ. ಮಾವನೇ ಆ ಮಾತು ಆಡಿದರೆ ಉಳಿದವರು ಪಾಲಿಸುತ್ತಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡದ ನೆತ್ತಿಗೆ ಹೋಗಿ, ತಾಡಪತ್ರಿ ಕಟ್ಟಿಕೊಂಡು ಕೂತದ್ದು ನಮ್ಮ ಕಣ್ಣ ಮುಂದೇ ಇದೆ. ಈಗ ಬಹಳ ಹಳ್ಳಿಗಳಿಗೆ ಫೈಬರ್ ಬಂದಿದೆ. ಬಂದ ಮೇಲೆ ಹೊಸ ತಾಪತ್ರಯ: ಗಾಳಿಮಳೆಗೆ ಮರ ಬಿದ್ದರೆ ಕೇಬಲ್ಲೂ ಹೋಯಿತು, ಕರೆಂಟೂ ಹೋಯಿತು. ರೂಟರಿಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಸಿಗುತ್ತದೆ, ಒಂದು ತಂದುಕೊಡಿ. ಇನ್ವರ್ಟರ್ ಕೈಕೊಟ್ಟಾಗಲೂ ಕೆಲವು ಗಂಟೆ ನಡೆಯುತ್ತದೆ. ಗುಡುಗು ಶುರುವಾದರೆ ರೂಟರಿನ ಪ್ಲಗ್ ತೆಗೆಯಬೇಕು. ಫೈಬರಿನ ಗಾಜಿನ ಎಳೆ ಮಿಂಚನ್ನು ಒಯ್ಯುವುದಿಲ್ಲ, ಹೊಡೆತ ಬರುವುದು ಹೆಚ್ಚಾಗಿ ಕರೆಂಟಿನ ವಯರಿನಿಂದ. ಇದನ್ನು ನಾನು ಕಲಿತದ್ದು ನೋವಿನಿಂದ. ಬಹಳ ಹಿಂದೆ, ಒಂದು ಮೇ ತಿಂಗಳ ಸಂಜೆ, ನಾನೇ ಕೂರಿಸಿಕೊಟ್ಟ ಕಂಪ್ಯೂಟರ್ ಒಂದು ಸಂಘದಲ್ಲಿ ಮಿಂಚಿಗೆ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ತೆಗೆದಿಡಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಮೂರು ತಿಂಗಳ ಲೆಕ್ಕ ಹೋಯಿತು. ಆ ಸಂಘದವರು ಕೈಪುಸ್ತಕ ಬಿಟ್ಟಿರಲಿಲ್ಲ, ಅದನ್ನು ನೋಡಿ ಮತ್ತೆ ಎಲ್ಲ ಏರಿಸಿದೆವು. ರೂಢಿಯ ಪುಸ್ತಕ ಬಿಡಿ ಅಂತ ಈಗಷ್ಟೇ ಹೇಳಿದೆನಲ್ಲ, ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ: ಲೆಕ್ಕದ ಒಂದು ಪ್ರತಿ ಸಂಘದ ಕಟ್ಟಡದ ಹೊರಗೆ ಇದೆ ಅಂತ ಖಾತ್ರಿಯಾಗುವ ತನಕ ಯಾವ ಪುಸ್ತಕವನ್ನೂ ಬಿಡಬೇಡಿ.

ಕನ್ನಡದಲ್ಲಿ ಟೈಪ್ ಮಾಡಲು ಕಷ್ಟವಾಗುತ್ತಿದ್ದರೆ ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಒತ್ತಿ ಮಾತಾಡಿ. ನಮ್ಮ ಕಡೆಯ ಮಾತನ್ನು ಅದು ಅಲ್ಲಲ್ಲಿ ತಪ್ಪು ಬರೆಯುತ್ತದೆ, ಒಮ್ಮೆ ಓದಿ ತಿದ್ದಿ. 2022ರ ಕೊನೆಯಿಂದ ಚಾಟ್‌ಜಿಪಿಟಿಯಂಥವು ಬಂದು ಹುಡುಗರು ಪತ್ರ, ವರದಿ ಎಲ್ಲ ಅದರಲ್ಲೇ ಬರೆಸುತ್ತಿದ್ದಾರೆ. ಬರೆಸಲಿ. ಆದರೆ ಸದಸ್ಯರ ಹೆಸರು, ಖಾತೆ ನಂಬರ್, ಸಾಲದ ವಿವರ ಅದಕ್ಕೆ ಹಾಕಲು ಬಿಡಬೇಡಿ. ಅದು ಕೊಟ್ಟ ಅಂಕಿಯನ್ನು ಮೂಲಕ್ಕೆ ಹೋಲಿಸದೆ ಸಹಿ ಹಾಕಬೇಡಿ. ತಪ್ಪನ್ನೂ ಅದು ಬಹಳ ನಯವಾಗಿ ಬರೆಯುತ್ತದೆ. ನಿಮ್ಮ ಅನುಮಾನದ ಕಣ್ಣು ಅಲ್ಲೂ ಬೇಕು.

ರಾಜೀನಾಮೆ ಕೊಡಲೇ ಅಂತ ಕೇಳಿದ್ದೀರಿ. ಆರೋಗ್ಯ ಕೆಟ್ಟಿದ್ದರೆ, ತೋಟಕ್ಕೆ ನಿಜಕ್ಕೂ ನೀವೇ ಬೇಕಾಗಿದ್ದರೆ ಕೊಡಿ. ಅದರಲ್ಲಿ ತಪ್ಪಿಲ್ಲ. ಹುಡುಗರಿಗಿಂತ ನಿಧಾನ ಅನ್ನುವ ಒಂದೇ ಕಾರಣಕ್ಕೆ ಬೇಡ. ನಿಮ್ಮ ಹಿಂದೆ ಬರುವವರಿಗೆ ಮೇಲಿನಮನೆ ಯಾವುದು, ಕೆಳಗಿನಕೇರಿ ಯಾವುದು ಅಂತ ಇನ್ನೂ ಗೊತ್ತಿಲ್ಲ. ನಾಲ್ಕು ವರ್ಷ ಇದೆ. ಒಂದೇ ಹೆಸರಿನ ಸದಸ್ಯರು ಯಾರ್ಯಾರು, ಯಾವ ಸರ್ವೆ ನಂಬರಿನ ಹಿಸ್ಸೆ ಇನ್ನೂ ಆಗಿಲ್ಲ, ಯಾರ ಜಾಮೀನು ಯಾರಿಗಿದೆ, ಯಾವ ಹಳೆಯ ಲೆಡ್ಜರಿನಲ್ಲಿ ಏನಿದೆ, ಇವೆಲ್ಲ ಈಗ ನಿಮ್ಮ ತಲೆಯಲ್ಲಿ ಮಾತ್ರ ಇವೆ. ದಿನಕ್ಕೆ ಅರ್ಧ ಗಂಟೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ಹೇಳಿ. ಅವರು ಬರೆದುಕೊಳ್ಳಲಿ. ಬದಲಿಗೆ ಎಕ್ಸೆಲ್ ಶೀಟ್ ತುಂಬುವುದನ್ನು ಅವರಿಂದ ಕಲಿಯಿರಿ.

ಸಭೆಗೆ ಅಂತ ಹೇಳಿದ ಆ ಹಾಳೆ ಬರೆದ ಮೇಲೆ ಒಂದು ಪ್ರತಿ ನನಗೂ ಕಳಿಸಿ. ಟಪಾಲಿನಲ್ಲಿ ಕಳಿಸಿದರೂ ಸಾಕು, ಅರ್ಜೆಂಟ್ ಏನೂ ಇಲ್ಲ. ಯಾವ ಪುಸ್ತಕ ಬಿಡಬಹುದು, ಯಾವುದು ಕೂಡದು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.